ಜಾರೋ ಮಠದ ಎರಡು ದನಿಗಳು

ಇಂಗ್ಲೆಂಡಿನ ಈಶಾನ್ಯಕ್ಕೆ, ಟೈನ್ ನದಿಯ ಬಳಿ, ಜಾರೋ ಎಂಬ ಊರಿದೆ. ಅಲ್ಲಿನ ಸಂತ ಪೌಲರ ದೇವಾಲಯವು 685ರ ಏಪ್ರಿಲ್ 23ರಂದು ಪ್ರತಿಷ್ಠೆಗೊಂಡಿತೆಂದು ಸಾರುವ ಲತೀನ್ ಶಿಲಾಶಾಸನವನ್ನು ನಾವು ಮಕ್ಕಳಿಗೆ ತೋರಿಸಿದೆವು. 686ರ ಸುಮಾರಿಗೆ ಮಠಕ್ಕೆ ಮಹಾಮಾರಿ ಬಡಿಯಿತು. ಹಾಡಬಲ್ಲ ಸನ್ಯಾಸಿಗಳೆಲ್ಲ ತೀರಿಕೊಂಡರು. ಉಳಿದವರು ಮಠಾಧಿಪತಿ ಚೆಯೋಲ್‌ಫ್ರಿತ್ ಮತ್ತು ಒಬ್ಬ ಪುಟ್ಟ ಬಾಲಕ. ಇಬ್ಬರಿಂದಾಗದೆಂದು ಕೀರ್ತನೆಗಳ ಪಲ್ಲವಿಗಳನ್ನು ಬಹುಪಾಲು ಕೈಬಿಟ್ಟರು. ಒಂದು ವಾರ ಕಣ್ಣೀರಲ್ಲೇ ಕಳೆಯಿತು. ಮಠಾಧಿಪತಿಗಳಿಗೆ ತಡೆಯಲಾಗಲಿಲ್ಲ. ಹೊಸಬರು ಕಲಿತು ದನಿಗೂಡಿಸುವ ತನಕ ಇಬ್ಬರೇ ಪೂರ್ತಿ ಹಾಡಿದರು, ಬಹಳ ಕಷ್ಟಪಟ್ಟು.

"ಅವನ ಹೆಸರೇನು?" ಎಂದು ಕೇಳಿದಳು ನಮ್ಮ ಮಗಳು. ಹಳೆಯ ಬರಹ ಅದನ್ನು ಹೇಳುವುದಿಲ್ಲ. ಹಾಗಿರುವುದೇ ಚೆಂದವೆನಿಸಿತು ನಮಗೆ. ಆಂಗ್ಲರ ಧರ್ಮಸಭೆಯ ಚರಿತ್ರೆ ಬರೆದ ಸಂತ ಬೀಡರೇ ಆತನೆಂದು ಹಲವರ ಊಹೆ. ಬೀಡರು 735ರಲ್ಲಿ ಇದೇ ಮಠದಲ್ಲಿ ತೀರಿಕೊಂಡರು.