ಪ್ರೊ. ಇ. ಡಿ. ಜೆಮ್ಮಿಸ್: ಅಣುಗಳ ಲೆಕ್ಕ ಬಿಡಿಸಿದ ವಿಜ್ಞಾನಿ

ಏಲುವತ್ತಿಂಗಲ್ ದೇವಸ್ಸಿ ಜೆಮ್ಮಿಸ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದ ಸೈದ್ಧಾಂತಿಕ ರಸಾಯನವಿಜ್ಞಾನಿ. ಸಾವಯವ ಲೋಹ ಸಂಯುಕ್ತಗಳು ಹಾಗೂ ಬೋರಾನ್ ಸಂಯುಕ್ತಗಳ ಆರೋಮ್ಯಾಟಿಕ್ ಗುಣವನ್ನು ಕುರಿತ ಸಂಶೋಧನೆಗಾಗಿ ಪ್ರಸಿದ್ಧರು.

1951ರಲ್ಲಿ ಜನಿಸಿದ ಜೆಮ್ಮಿಸ್ ಕೇರಳದ ತ್ರಿಶ್ಶೂರಿನವರು. ಕಾನ್ಪುರದ ಐಐಟಿಯಲ್ಲಿ ಎಂ.ಎಸ್ಸಿ. ಮುಗಿಸಿ, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ 1978ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಮುಂದೆ 1981ರಲ್ಲಿ ನೊಬೆಲ್ ಪುರಸ್ಕೃತರಾದ ರೋಆಲ್ಡ್ ಹಾಫ್‌ಮನ್ ಅವರೊಡನೆ ಸಂಶೋಧನೆ ನಡೆಸಿದರು. 1980ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯವನ್ನೂ 2005ರಲ್ಲಿ ಬೆಂಗಳೂರಿನ ಸಂಸ್ಥೆಯನ್ನೂ ಸೇರಿದರು.

ಸಂಶೋಧನೆಯ ಹಿನ್ನೆಲೆ

ಬೆಂಜೀನ್ ಅಣುವಿನ ಆರು ಎಲೆಕ್ಟ್ರಾನುಗಳು ಯಾವುದೇ ಒಂದು ಬಂಧಕ್ಕೆ ಸೇರದೆ ಇಡೀ ಉಂಗುರದಲ್ಲಿ ಹರಡಿಕೊಂಡಿರುತ್ತವೆ. ಅದರ ಅಸಾಧಾರಣ ಸ್ಥಿರತೆಗೆ ಇದೇ ಕಾರಣ. ಈ ಗುಣಕ್ಕೆ ಆರೋಮ್ಯಾಟಿಕತೆ ಎಂದು ಹೆಸರು. 1951ರಲ್ಲಿ ವರದಿಯಾದ ಫೆರೋಸೀನ್ ಈ ಕಲ್ಪನೆಯನ್ನು ವಿಸ್ತರಿಸಿತು. ಅದರಲ್ಲಿ ಒಂದು ಕಬ್ಬಿಣದ ಪರಮಾಣು ಎರಡು ಇಂಗಾಲದ ಉಂಗುರಗಳ ನಡುವೆ ನೆಲೆಸಿದೆ. ಇಂಥ ಸಂಯುಕ್ತಗಳ ಅಧ್ಯಯನಕ್ಕಾಗಿ ಫಿಷರ್ ಮತ್ತು ವಿಲ್ಕಿನ್ಸನ್ ಅವರಿಗೆ 1973ರ ನೊಬೆಲ್ ದೊರೆಯಿತು.

ಉಂಗುರವೊಂದರ ಮೇಲೆ ಪರಮಾಣು ಟೊಪ್ಪಿಗೆಯಂತೆ ಕೂರುವ ಅಣುಗಳಿಗೂ ಆರು ಎಲೆಕ್ಟ್ರಾನುಗಳ ನಿಯಮ ಅನ್ವಯಿಸುತ್ತದೆಂದು ಜೆಮ್ಮಿಸ್ 1982ರಲ್ಲಿ ವಿವರಿಸಿದರು. ಟೊಪ್ಪಿಗೆಯ ಕಕ್ಷಕಗಳ ಹರವು ಉಂಗುರದ ಗಾತ್ರಕ್ಕೆ ಹೊಂದಿದಾಗ ಮಾತ್ರ ಅಣು ಗಟ್ಟಿಯಾಗಿ ನಿಲ್ಲುತ್ತದೆ.

ಎಂಎನ್‌ಓ ನಿಯಮ

ಒಂಟಿ ಬಹುಮುಖಿ ಅಣುವಿಗೆ ಬೇಕಾದ ಎಲೆಕ್ಟ್ರಾನುಗಳ ಲೆಕ್ಕವನ್ನು ಬ್ರಿಟನ್ನಿನ ಕೆನೆತ್ ವೇಡ್ 1971ರಲ್ಲಿ ನೀಡಿದ್ದರು. ಒಂದಕ್ಕೊಂದು ಬೆಸೆದ ಬಹುಮುಖಿಗಳ ಲೆಕ್ಕವನ್ನು ಜೆಮ್ಮಿಸ್ ಮತ್ತು ಸಂಗಡಿಗರು 2001ರಲ್ಲಿ ಒದಗಿಸಿದರು. ಬಹುಮುಖಿಗಳು, ಶೃಂಗಗಳು, ಒಂದೇ ಶೃಂಗದಿಂದ ಬಹುಮುಖಿಗಳನ್ನು ಜೋಡಿಸುವ ಪರಮಾಣುಗಳು, ಬರಿದಾದ ಶೃಂಗಗಳು, ಇವುಗಳ ಸಂಖ್ಯೆಯನ್ನು ಕೂಡಿದರೆ ಬೇಕಾದ ಎಲೆಕ್ಟ್ರಾನ್ ಜೋಡಿಗಳ ಸಂಖ್ಯೆ ಸಿಗುತ್ತದೆ.

ಫೆರೋಸೀನಿಗೆ ಈ ಮೊತ್ತ 2+11+1+2, ಅಂದರೆ 16. ಹತ್ತು ಇಂಗಾಲ-ಹೈಡ್ರೋಜನ್ ಘಟಕಗಳು ತಲಾ 3 ಎಲೆಕ್ಟ್ರಾನುಗಳಂತೆ 30, ಕಬ್ಬಿಣ 2 ನೀಡುವುದರಿಂದ 16 ಜೋಡಿಗಳು ನಿಖರವಾಗಿ ಪೂರೈಸುತ್ತವೆ. ಬೋರಾನಿನ ಒಂದು ಸ್ಫಟಿಕರೂಪದಲ್ಲಿ ಕೆಲವು ಸ್ಥಾನಗಳು ಖಾಲಿಯಿದ್ದು, ಬೇರೆಡೆ ಹೆಚ್ಚುವರಿ ಪರಮಾಣುಗಳಿರುವುದೇಕೆ ಎಂಬ ಹಳೆಯ ಒಗಟಿಗೂ ಇದೇ ಲೆಕ್ಕ ಉತ್ತರ ನೀಡಿತು. ಹೊಸ ಅಣುವೊಂದನ್ನು ತಯಾರಿಸುವ ಮುನ್ನವೇ ಅದು ನಿಲ್ಲಬಲ್ಲದೇ ಎಂದು ಕಾಗದದ ಮೇಲೆ ಊಹಿಸಲು ಸಾಧ್ಯವಾದುದು ಈ ನಿಯಮದ ಮುಖ್ಯ ಪ್ರಯೋಜನ.

ಗೌರವಗಳು

1994ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ, 2014ರಲ್ಲಿ ಪದ್ಮಶ್ರೀ ಅವರಿಗೆ ಸಂದವು. 2008ರಲ್ಲಿ ತಿರುವನಂತಪುರದ ಐಸರ್ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದ ಅವರು, ಆ ಹೊಣೆ ಮುಗಿಸಿ ಮತ್ತೆ ಬೆಂಗಳೂರಿನಲ್ಲಿ ಸಂಶೋಧನೆಯನ್ನು ಮುಂದುವರಿಸಿದರು.