ಟಂಗ್‌ಸ್ಟನ್‌ಗೆ ಬೂಷ್ಟು ಹಿಡಿದ ಕಥೆ

ಹಳೇ ಬಲ್ಬಿನೊಳಗೆ ಉರಿಯುತ್ತಿದ್ದ ಸಣ್ಣ ತಂತಿ ನೆನಪಿದೆಯಾ? ಅದೇ ಟಂಗ್‌ಸ್ಟನ್. ಕರಗಬೇಕಂದ್ರೆ 3,422 ಡಿಗ್ರಿ ಸೆಲ್ಸಿಯಸ್ ಬೇಕು, ಬೇರೆ ಯಾವ ಲೋಹಕ್ಕೂ ಅಷ್ಟು ಬೇಡ. ಸೂರ್ಯನ ಹಾಗೆ ಪರಮಾಣು ಬೆಸೆಯುವ ಫ್ಯೂಷನ್ ರಿಯಾಕ್ಟರಿನ ಒಳಮೈಗೆ ಇದೇ ಸರಿ ಅಂತ ನಿಮಗೂ ಅನ್ನಿಸುತ್ತೆ ಅಲ್ವಾ? 1970ರ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನವರಿಗೂ ಹಾಗೇ ಅನ್ನಿಸಿತ್ತು.

ಅವರ ಪಿಎಲ್‌ಟಿ ಯಂತ್ರದಲ್ಲಿ ಪ್ಲಾಸ್ಮಾವನ್ನು ಅಂಚಿನಲ್ಲಿ ತಡೆಯುವ ತುಂಡುಗಳು ಟಂಗ್‌ಸ್ಟನ್‌ನವು. ಬಂದು ಬಡಿದ ಕಣಗಳು ಲೋಹದ ಪರಮಾಣುಗಳನ್ನು ಕಿತ್ತು ಪ್ಲಾಸ್ಮಾದೊಳಗೆ ಸೇರಿಸಿದವು. ಟಂಗ್‌ಸ್ಟನ್‌ಗೆ 74 ಎಲೆಕ್ಟ್ರಾನ್. ಕೋಟಿ ಡಿಗ್ರಿಯಲ್ಲೂ ಎಲ್ಲಾ ಕಳಚೋದಿಲ್ಲ. ಉಳಿದವು ಶಾಖವನ್ನು ವಿಕಿರಣವಾಗಿ ಹೊರಗೆ ಚೆಲ್ಲಿ, ಪ್ಲಾಸ್ಮಾದ ನಡುಭಾಗವನ್ನೇ ತಣ್ಣಗೆ ಮಾಡಿಬಿಟ್ಟವು. ಟಂಗ್‌ಸ್ಟನ್ ಹೊರಗೆ ಹೋಯಿತು, ಇಂಗಾಲದ ಗ್ರ್ಯಾಫೈಟ್ ಬಂತು. ಮುಂದೆ ದಶಕಗಳ ಕಾಲ ಅದರದ್ದೇ ಕಾರುಬಾರು.

ಆದರೆ ಇಂಗಾಲಕ್ಕೆ ಒಂದು ಕೆಟ್ಟ ಚಾಳಿ: ಇಂಧನ ನುಂಗುತ್ತೆ. 1997ರಲ್ಲಿ ಇಂಗ್ಲೆಂಡಿನ ಜೆಟ್ ಯಂತ್ರಕ್ಕೆ ಸುಮಾರು 35 ಗ್ರಾಂ ಟ್ರಿಟಿಯಂ ಹಾಕಿದರು. ಎಷ್ಟು ಸ್ವಚ್ಛ ಮಾಡಿದರೂ ಸುಮಾರು 6 ಗ್ರಾಂ ಒಳಗೇ ಉಳೀತು. ಇದು ವಿಕಿರಣಶೀಲ ವಸ್ತು, ಮೇಲಾಗಿ ಸಿಗೋದೇ ಅಪರೂಪ. ಹೀಗಾದರೆ ದೊಡ್ಡ ರಿಯಾಕ್ಟರ್ ನಡೆಸೋದು ಹೇಗೆ? 2011ರಲ್ಲಿ ಜೆಟ್ ಇಂಗಾಲ ಕಿತ್ತು ಬೆರಿಲಿಯಂ, ಟಂಗ್‌ಸ್ಟನ್ ಗೋಡೆ ಹಾಕಿಕೊಂಡಿತು. ಸಿಕ್ಕಿಕೊಳ್ಳುವ ಇಂಧನ ಹತ್ತು ಪಟ್ಟಿಗೂ ಹೆಚ್ಚು ಇಳಿಯಿತು.

ಅಷ್ಟರಲ್ಲಾಗಲೇ ಜಪಾನಿನ ನಗೋಯಾದಿಂದ ಇನ್ನೊಂದು ಸುದ್ದಿ ಬಂದಿತ್ತು. 2006ರಲ್ಲಿ ತಕಾಮುರಾ ಮತ್ತು ಸಂಗಡಿಗರು ಬಿಸಿ ಟಂಗ್‌ಸ್ಟನ್ ಮೇಲೆ ಹೀಲಿಯಂ ಪ್ಲಾಸ್ಮಾ ಹಾಯಿಸಿದ್ದರು. ಹೌದು, ಬಲೂನಿಗೆ ತುಂಬ್ತೀವಲ್ಲ, ಅದೇ ಹೀಲಿಯಂ! ಅದು ಲೋಹದೊಳಗೆ ಹೊಕ್ಕು, ಹುದುಗು ಬಂದ ದೋಸೆ ಹಿಟ್ಟಿನ ಹಾಗೆ ಗುಳ್ಳೆ ಎಬ್ಬಿಸಿತು. ಫಳಫಳ ಹೊಳೀತಿದ್ದ ಮೈ ಕಪ್ಪಾಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಷ್ಟು ಹಿಡಿದಂತೆ ಸಿಕ್ಕುಸಿಕ್ಕಾದ ಎಳೆಗಳು, ಒಂದೊಂದೂ ಕೆಲವು ಹತ್ತು ನ್ಯಾನೋಮೀಟರ್ ದಪ್ಪ. ಗಟ್ಟಿ ಲೋಹದಷ್ಟು ಚೆನ್ನಾಗಿ ಈ ಪದರ ಶಾಖ ಸಾಗಿಸೋದಿಲ್ಲ. ಎಳೆ ಮುರಿದರೆ ಧೂಳು, ಧೂಳು ಪ್ಲಾಸ್ಮಾಕ್ಕೆ ಬಿದ್ದರೆ ಮತ್ತೆ ಪ್ರಿನ್ಸ್‌ಟನ್ನಿನ ಪಾಡೇ. ಪ್ರಯೋಗಾಲಯದ ಆಟ ಇರಬಹುದು ಅಂದ್ಕೋಬೇಡಿ: 2012ರಲ್ಲಿ ಎಂಐಟಿಯ ಆಲ್ಕೇಟರ್ ಸಿ-ಮಾಡ್ ಯಂತ್ರದೊಳಗೂ ಇದನ್ನು ಬೆಳೆಸಿ ತೋರಿಸಿದರು.

ಹೀಲಿಯಂ ಬೇಡ ಅನ್ನೋಣ ಅಂದ್ರೆ ಆಗಲ್ಲ. ಫ್ಯೂಷನ್ ಒಲೆಯ ಬೂದಿಯೇ ಅದು. ಇಷ್ಟೆಲ್ಲ ಗೊತ್ತಿದ್ದೂ, 2023ರಲ್ಲಿ ಫ್ರಾನ್ಸಿನ ಐಟರ್ ಯೋಜನೆ ಬೆರಿಲಿಯಂ ಗೋಡೆ ಕೈಬಿಟ್ಟು ಟಂಗ್‌ಸ್ಟನ್‌ಗೇ ಹೊರಳುವ ಪ್ರಸ್ತಾಪ ಮುಂದಿಟ್ಟಿತು.