ಮತದಿಂದ ಸ್ಥಾನಕ್ಕೆ: ಗ್ಲಾಸ್ಗೋ ಪೌರ ಚುನಾವಣೆಗಳ ಇತಿಹಾಸ

ಸ್ಕಾಟ್ಲೆಂಡಿನ ಪಶ್ಚಿಮ ಭಾಗದಲ್ಲಿ ಕ್ಲೈಡ್ ನದಿಯ ಇಕ್ಕೆಲಗಳಲ್ಲಿ ಹರಡಿರುವ ಗ್ಲಾಸ್ಗೋ ನಗರದ ಕೌನ್ಸಿಲ್‌ಗೆ 2003ರಲ್ಲಿ ನಡೆದ ಚುನಾವಣೆಯಲ್ಲಿ ಲೇಬರ್ ಪಕ್ಷವು ಶೇ. 48ರಷ್ಟು ಮತಗಳನ್ನೂ ಪಡೆಯದೆ 79 ಸ್ಥಾನಗಳ ಪೈಕಿ 71ನ್ನು ಗೆದ್ದುಕೊಂಡಿತು. ನಾಲ್ಕು ವರ್ಷಗಳ ಅನಂತರ, ಅದರ ಮತಪ್ರಮಾಣ ಕೆಲವೇ ಅಂಶಗಳಷ್ಟು ಇಳಿದಿದ್ದರೂ ಸ್ಥಾನಗಳ ಸಂಖ್ಯೆ 45ಕ್ಕೆ ಕುಸಿಯಿತು. ಈ ಅವಧಿಯಲ್ಲಿ ಮತದಾರರ ಒಲವು ಅಲ್ಪಸ್ವಲ್ಪ ಬದಲಾಗಿತ್ತು, ಮತಗಳನ್ನು ಸ್ಥಾನಗಳಾಗಿ ಪರಿವರ್ತಿಸುವ ನಿಯಮವಾದರೋ ಸಂಪೂರ್ಣವಾಗಿ ಬದಲಾಗಿತ್ತು. ಆದ್ದರಿಂದ ಒಂದು ಪೌರಸಂಸ್ಥೆಯ ಚುನಾವಣಾ ಫಲಿತಾಂಶದ ಅರ್ಥವನ್ನು ಗ್ರಹಿಸಬೇಕಾದರೆ ಯಾರಿಗೆ ಮತದ ಹಕ್ಕಿತ್ತು, ಆ ಮತಗಳನ್ನು ಹೇಗೆ ಎಣಿಸಲಾಯಿತು, ಗೆದ್ದವರ ಕೈಗೆ ಎಷ್ಟು ಅಧಿಕಾರ ಬಂದಿತು ಎಂಬ ಮೂರು ಸಂಗತಿಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ. ಗ್ಲಾಸ್ಗೋದ ಪೌರ ಇತಿಹಾಸವು ಈ ಮೂರಕ್ಕೂ ಸ್ಪಷ್ಟವಾದ ನಿದರ್ಶನಗಳನ್ನು ಒದಗಿಸುತ್ತದೆ.

ಸ್ಕಾಟ್ಲೆಂಡಿನಲ್ಲಿ ವ್ಯಾಪಾರದ ವಿಶೇಷ ಹಕ್ಕುಗಳನ್ನು ಪಡೆದಿದ್ದ ಪಟ್ಟಣಗಳನ್ನು ಬರೋಗಳೆಂದು ಕರೆಯುತ್ತಿದ್ದರು. 1469ರಲ್ಲಿ ಸ್ಕಾಟಿಷ್ ಪಾರ್ಲಿಮೆಂಟು ಮಾಡಿದ ಶಾಸನದ ಪ್ರಕಾರ ಈ ಬರೋಗಳಲ್ಲಿ ಅವಧಿ ಮುಗಿಸಿದ ಹಳೆಯ ಕೌನ್ಸಿಲ್ಲೇ ಹೊಸ ಕೌನ್ಸಿಲ್ಲನ್ನು ಆರಿಸುತ್ತಿತ್ತು. ಇದರ ಫಲವಾಗಿ ವರ್ತಕರ ಮತ್ತು ಕುಶಲಕರ್ಮಿಗಳ ಸಂಘಗಳಿಗೆ ಸೇರಿದ ಕೆಲವೇ ಮನೆತನಗಳು ಮೂರೂವರೆ ಶತಮಾನಗಳಿಗೂ ಹೆಚ್ಚು ಕಾಲ ಪಟ್ಟಣಗಳ ಆಡಳಿತವನ್ನು ತಮ್ಮೊಳಗೇ ಹಂಚಿಕೊಂಡು ಬಂದವು. 1833ರ ಸುಧಾರಣಾ ಕಾಯ್ದೆಯು ಈ ಪದ್ಧತಿಯನ್ನು ರದ್ದುಪಡಿಸಿ, ವರ್ಷಕ್ಕೆ 10 ಪೌಂಡ್ ಬಾಡಿಗೆ ಮೌಲ್ಯದ ಆಸ್ತಿಯುಳ್ಳ ಪುರುಷರಿಗೆ ಕೌನ್ಸಿಲ್ಲರುಗಳನ್ನು ಚುನಾಯಿಸುವ ಅಧಿಕಾರವನ್ನು ನೀಡಿತು. ಆದರೂ ಹಳೆಯ ವ್ಯವಸ್ಥೆ ಪೂರ್ಣವಾಗಿ ಅಳಿಯಲಿಲ್ಲ: ವರ್ತಕರ ಸಂಘದ ಮುಖ್ಯಸ್ಥನೂ ಕುಶಲಕರ್ಮಿಗಳ ಸಂಘಗಳ ಮುಖ್ಯಸ್ಥನೂ ಜನರ ಮತವನ್ನು ಕೇಳದೆಯೇ ತಮ್ಮ ಪದವಿಯ ಬಲದಿಂದ 1975ರವರೆಗೂ ಗ್ಲಾಸ್ಗೋದ ನಗರಾಡಳಿತದಲ್ಲಿ ಸದಸ್ಯರಾಗಿ ಉಳಿದರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪೌರಸಂಸ್ಥೆ ಬ್ರಿಟನ್ನಿನಲ್ಲೇ ಹೆಸರಾಯಿತು. ಕಾಲರಾ ಪಿಡುಗಿನಿಂದ ಮತ್ತೆ ಮತ್ತೆ ತತ್ತರಿಸಿದ ನಗರಕ್ಕೆ ದೂರದ ಕ್ಯಾಟ್ರಿನ್ ಸರೋವರದಿಂದ ಶುದ್ಧ ನೀರನ್ನು ತರುವ ಯೋಜನೆಯನ್ನು ಅದು ಕೈಗೊಂಡು 1859ರಲ್ಲಿ ಪೂರೈಸಿತು. 1869ರಲ್ಲಿ ಅನಿಲ ಪೂರೈಕೆಯನ್ನು ಖಾಸಗಿ ಕಂಪನಿಗಳಿಂದ ತನ್ನ ವಶಕ್ಕೆ ಪಡೆಯಿತು, 1894ರಿಂದ ಟ್ರಾಮ್‌ಗಳನ್ನು ತಾನೇ ಓಡಿಸತೊಡಗಿತು. ಇಷ್ಟೆಲ್ಲ ಸಾಧಿಸಿದ ಕೌನ್ಸಿಲ್ಲನ್ನು ಆರಿಸುತ್ತಿದ್ದವರು ಮಾತ್ರ ತೆರಿಗೆ ತೆರುವ ಗೃಹಸ್ಥರೇ. 1881ರ ಕಾಯ್ದೆಯ ಮೂಲಕ ಸ್ವಂತ ಹೆಸರಿನಲ್ಲಿ ತೆರಿಗೆ ಕಟ್ಟುವ ಅವಿವಾಹಿತ ಸ್ತ್ರೀಯರಿಗೂ ವಿಧವೆಯರಿಗೂ ಬರೋ ಚುನಾವಣೆಗಳಲ್ಲಿ ಮತದ ಹಕ್ಕು ದೊರೆಯಿತಾದರೂ, ಕೌನ್ಸಿಲ್ಲಿಗೆ ಸ್ಪರ್ಧಿಸುವ ಹಕ್ಕು ಅವರಿಗೆ ಬಂದದ್ದು 1907ರಲ್ಲಿ.

ಸ್ತ್ರೀಯರಿಗೂ ದೊರೆತ ಈ ಹಕ್ಕುಗಳು ಫಲಿತಾಂಶವನ್ನು ಹೇಗೆ ಬದಲಿಸಬಲ್ಲವು ಎಂಬುದು ಮೊದಲ ಮಹಾಯುದ್ಧದ ಅನಂತರ ಕಂಡುಬಂದಿತು. ಯುದ್ಧಕಾಲದಲ್ಲಿ ಹಡಗುಕಟ್ಟೆಗಳಿಗೆ ಕಾರ್ಮಿಕರು ಗುಂಪುಗುಂಪಾಗಿ ಬಂದು ಸೇರಿದಾಗ ಮನೆಮಾಲೀಕರು ಬಾಡಿಗೆಯನ್ನು ಏರಿಸಿದರು. ಇದನ್ನು ವಿರೋಧಿಸಿ 1915ರಲ್ಲಿ ಗೋವನ್ ಮುಂತಾದ ಭಾಗಗಳ ಗೃಹಿಣಿಯರು ಹೂಡಿದ ಬಾಡಿಗೆ ಮುಷ್ಕರವು ಅದೇ ವರ್ಷದ ಕೊನೆಗೆ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ತರುವಂತೆ ಬ್ರಿಟಿಷ್ ಸರ್ಕಾರವನ್ನು ಒತ್ತಾಯಿಸಿತು. ಆ ಮುಷ್ಕರದ ಮುಂದಾಳು ಮೇರಿ ಬಾರ್ಬರ್ 1920ರ ಚುನಾವಣೆಯಲ್ಲಿ ಫೇರ್‌ಫೀಲ್ಡ್ ವಾರ್ಡಿನಿಂದ ಲೇಬರ್ ಅಭ್ಯರ್ಥಿಯಾಗಿ ಗೆದ್ದು, ಗ್ಲಾಸ್ಗೋ ಕೌನ್ಸಿಲ್ಲನ್ನು ಪ್ರವೇಶಿಸಿದ ಮೊದಲ ಮಹಿಳೆಯರಲ್ಲಿ ಒಬ್ಬಳಾದಳು. ಮುಂದೆ ನಗರ ನ್ಯಾಯಾಧಿಕಾರವುಳ್ಳ ಹಿರಿಯ ಕೌನ್ಸಿಲ್ಲರುಗಳಿಗೆ ಸಲ್ಲುವ ಬೇಲಿ ಎಂಬ ಪದವಿಗೂ ಆಕೆ ಏರಿದಳು. ಆದರೂ ಲೇಬರ್ ಪಕ್ಷಕ್ಕೆ ನಗರದ ಅಧಿಕಾರ ಸಿಕ್ಕಿದ್ದು 1933ರಲ್ಲಿ. ಆ ವರ್ಷ ಕ್ಯಾಥೊಲಿಕ್ ವಿರೋಧವನ್ನೇ ಬಂಡವಾಳ ಮಾಡಿಕೊಂಡ ಸ್ಕಾಟಿಷ್ ಪ್ರಾಟೆಸ್ಟೆಂಟ್ ಲೀಗ್ ಐದನೆಯ ಒಂದು ಭಾಗಕ್ಕೂ ಹೆಚ್ಚು ಮತಗಳನ್ನು ಸೆಳೆದು, ಅದುವರೆಗೆ ಆಳುತ್ತಿದ್ದ ಮಾಡರೇಟ್ ಎಂಬ ಸಮಾಜವಾದ ವಿರೋಧಿ ಗುಂಪಿನ ನೆಲೆಯನ್ನು ಒಡೆಯಿತು. ಹೀಗೆ ಎದುರಾಳಿಗಳ ಮತವಿಭಜನೆಯೂ ಲೇಬರ್ ವಿಜಯದ ಒಂದು ಕಾರಣವಾಯಿತು.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸ್ಥಳೀಯ ಮತಹಕ್ಕು ತೆರಿಗೆಯ ಷರತ್ತಿನಿಂದ ಬಿಡುಗಡೆ ಹೊಂದಿ ಎಲ್ಲ ವಯಸ್ಕರಿಗೂ ದೊರೆಯಿತು. 1967ರಲ್ಲಿ ಹ್ಯಾಮಿಲ್ಟನ್ ಉಪಚುನಾವಣೆಯನ್ನು ಗೆದ್ದ ಸ್ಕಾಟಿಷ್ ನ್ಯಾಷನಲ್ ಪಾರ್ಟಿ, ಅಂದರೆ ಸ್ಕಾಟ್ಲೆಂಡಿನ ಸ್ವಾತಂತ್ರ್ಯವನ್ನು ಗುರಿಯಾಗಿಟ್ಟುಕೊಂಡ ಎಸ್‌ಎನ್‌ಪಿ, ಮರುವರ್ಷ ಗ್ಲಾಸ್ಗೋದ ಪೌರ ಚುನಾವಣೆಯಲ್ಲೂ ಗಣನೀಯ ಶಕ್ತಿಯಾಗಿ ಹೊಮ್ಮಿತು. ಇದೇ ಹೊತ್ತಿಗೆ ಸ್ಥಳೀಯ ಆಡಳಿತದ ಪುನಾರಚನೆಗಾಗಿ ನೇಮಕಗೊಂಡಿದ್ದ ವೀಟ್ಲಿ ಆಯೋಗವು 1969ರಲ್ಲಿ ವರದಿ ನೀಡಿತು. ಅದನ್ನು ಆಧರಿಸಿದ 1973ರ ಕಾಯ್ದೆಯು ಹಳೆಯ ಬರೋಗಳನ್ನೂ ಕೌಂಟಿಗಳನ್ನೂ ತೆಗೆದುಹಾಕಿ, ಸ್ಕಾಟ್ಲೆಂಡಿನ ಮುಖ್ಯ ಭೂಭಾಗದಲ್ಲಿ 9 ಪ್ರಾಂತಗಳನ್ನೂ ಅವುಗಳ ಒಳಗೆ 53 ಜಿಲ್ಲೆಗಳನ್ನೂ, ದ್ವೀಪಗಳಲ್ಲಿ 3 ಪ್ರತ್ಯೇಕ ಕೌನ್ಸಿಲ್‌ಗಳನ್ನೂ ಸ್ಥಾಪಿಸಿತು. ಗ್ಲಾಸ್ಗೋ ನಗರವು ಸ್ಟ್ರಾತ್‌ಕ್ಲೈಡ್ ಪ್ರಾಂತದ ಒಂದು ಜಿಲ್ಲೆಯಾಯಿತು. ಶಾಲೆ, ರಸ್ತೆ, ನೀರು ಮತ್ತು ಸಮಾಜಸೇವೆಗಳು ಪ್ರಾಂತದ ಪಾಲಾದರೆ, ವಸತಿ, ಉದ್ಯಾನ, ಗ್ರಂಥಾಲಯ, ಕಸ ವಿಲೇವಾರಿಗಳು ಜಿಲ್ಲೆಯ ಹೊಣೆಯಾದವು. ನಗರದ ಅರ್ಧಕ್ಕೂ ಹೆಚ್ಚು ಮನೆಗಳು ಕೌನ್ಸಿಲ್ ಒಡೆತನದ ಬಾಡಿಗೆ ಮನೆಗಳಾಗಿದ್ದುದರಿಂದ, ಜಿಲ್ಲಾ ಚುನಾವಣೆಯಲ್ಲಿ ಮತ ಹಾಕುತ್ತಿದ್ದವರಲ್ಲಿ ಬಹುಮಂದಿ ತಮ್ಮ ಮನೆಯ ಮಾಲೀಕನನ್ನೇ ಆರಿಸುತ್ತಿದ್ದರೆಂಬುದು ಇಲ್ಲಿ ಮುಖ್ಯವಾಗುತ್ತದೆ.

ಜಿಲ್ಲಾ ಕೌನ್ಸಿಲ್ಲಿನ 1974ರ ಮೊದಲ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ನಿಚ್ಚಳ ಬಹುಮತ ಬಂದಿತು. 1977ರ ಮೇ ತಿಂಗಳಲ್ಲಿ ನಡೆದ ಎರಡನೆಯ ಚುನಾವಣೆಯಾದರೋ ಬೇರೆಯದೇ ಚಿತ್ರವನ್ನು ಮುಂದಿಟ್ಟಿತು. ಲಂಡನ್ನಿನಲ್ಲಿ ಅಧಿಕಾರದಲ್ಲಿದ್ದ ಲೇಬರ್ ಸರ್ಕಾರ ಹಿಂದಿನ ವರ್ಷವಷ್ಟೇ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲಕ್ಕೆ ಮೊರೆಹೋಗಿ ಸಾರ್ವಜನಿಕ ವೆಚ್ಚವನ್ನು ಕಡಿತಗೊಳಿಸಿತ್ತು. ಎಸ್‌ಎನ್‌ಪಿಯ ಬಲ ಏರುಮುಖವಾಗಿತ್ತು. ಇಂಥ ಸಂದರ್ಭದಲ್ಲಿ ಲೇಬರ್ ಪಕ್ಷ ಅತಿ ದೊಡ್ಡ ಗುಂಪಾಗಿಯೇ ಉಳಿದರೂ ಬಹುಮತವನ್ನು ಕಳೆದುಕೊಂಡಿತು, ಎರಡನೆಯ ಸ್ಥಾನದಲ್ಲಿದ್ದ ಕನ್ಸರ್ವೇಟಿವ್ ಪಕ್ಷವು ಅಲ್ಪಸಂಖ್ಯಾತ ಆಡಳಿತವನ್ನು ರಚಿಸಿತು. ಮೂರು ವರ್ಷಗಳ ಅನಂತರ, ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾಗಿದ್ದ 1980ರಲ್ಲಿ, ಮತದಾರರು ಲೇಬರ್ ಪಕ್ಷಕ್ಕೆ ಮತ್ತೆ ಬಹುಮತ ನೀಡಿದರು. ಎರಡು ಸಲವೂ ಕೇಂದ್ರದಲ್ಲಿ ಆಳುತ್ತಿದ್ದ ಪಕ್ಷವೇ ಸ್ಥಳೀಯವಾಗಿ ದಂಡ ತೆತ್ತದ್ದರಿಂದ, ಜಿಲ್ಲಾ ಫಲಿತಾಂಶಗಳಲ್ಲಿ ಸ್ಥಳೀಯ ಆಡಳಿತದ ಮೌಲ್ಯಮಾಪನದ ಜೊತೆಗೆ ದೂರದ ಸರ್ಕಾರದ ಮೇಲಿನ ಅಸಮಾಧಾನವೂ ಬೆರೆತಿರುತ್ತದೆಂದು ತೀರ್ಮಾನಿಸಬಹುದು.

1994ರ ಕಾಯ್ದೆಯು ಪ್ರಾಂತ ಮತ್ತು ಜಿಲ್ಲೆಗಳೆಂಬ ಎರಡು ಹಂತಗಳನ್ನು ರದ್ದುಪಡಿಸಿದ್ದರಿಂದ 1996ರ ಏಪ್ರಿಲ್ ತಿಂಗಳಿಂದ 32 ಏಕಹಂತದ ಕೌನ್ಸಿಲ್‌ಗಳು ಕೆಲಸ ಆರಂಭಿಸಿದವು. ಮತ ಎಣಿಕೆಯ ರೀತಿ ಮಾತ್ರ ಹಳೆಯದೇ ಆಗಿತ್ತು. ಒಂದು ವಾರ್ಡಿಗೆ ಒಬ್ಬ ಸದಸ್ಯ, ಹೆಚ್ಚು ಮತ ಪಡೆದವನೇ ವಿಜೇತ ಎಂಬ ಈ ವಿಧಾನದಲ್ಲಿ, ಎರಡನೆಯ ದೊಡ್ಡ ಪಕ್ಷದ ಬೆಂಬಲ ನಗರದ ಎಲ್ಲ ಭಾಗಗಳಲ್ಲೂ ಸಮವಾಗಿ ಹರಡಿದ್ದರೆ ಅದು ಪ್ರತಿಯೊಂದು ವಾರ್ಡಿನಲ್ಲೂ ಎರಡನೆಯ ಸ್ಥಾನದಲ್ಲೇ ನಿಂತು ಬರಿಗೈಯಲ್ಲಿ ಉಳಿಯುತ್ತದೆ. 2003ರಲ್ಲಿ ಗ್ಲಾಸ್ಗೋದ ಸುಮಾರು ಐದನೆಯ ಒಂದು ಭಾಗದಷ್ಟು ಮತ ಗಳಿಸಿದ ಎಸ್‌ಎನ್‌ಪಿಗೆ ದಕ್ಕಿದ್ದು 3 ಸ್ಥಾನಗಳು ಮಾತ್ರ. ಎಂಟಕ್ಕಿಂತ ಹೆಚ್ಚು ವಿರೋಧಿ ಸದಸ್ಯರಿಲ್ಲದ ಸಭೆಯಲ್ಲಿ ಆಳುವವರನ್ನು ಪ್ರಶ್ನಿಸುವ ಕೆಲಸ ದುರ್ಬಲಗೊಂಡಿತು, ಅರ್ಧಕ್ಕೂ ಹೆಚ್ಚು ಮತದಾರರ ಧ್ವನಿ ಸಭಾಂಗಣದ ಹೊರಗೇ ಉಳಿಯಿತು. ಇದು ಪ್ರಜಾತಂತ್ರಕ್ಕೆ ಆದ ನಿಜವಾದ ಹಾನಿ.

ಆ ವರ್ಷವೇ ಎಡಿನ್‌ಬರೋದ ಸ್ಕಾಟಿಷ್ ಪಾರ್ಲಿಮೆಂಟಿನಲ್ಲಿ ಲೇಬರ್ ಪಕ್ಷದೊಡನೆ ಮೈತ್ರಿ ಮಾಡಿಕೊಂಡ ಲಿಬರಲ್ ಡೆಮಾಕ್ರಾಟರು ಸ್ಥಳೀಯ ಚುನಾವಣಾ ಸುಧಾರಣೆಯನ್ನು ಮೈತ್ರಿಯ ಷರತ್ತಾಗಿಸಿದ್ದರಿಂದ 2004ರ ಕಾಯ್ದೆ ಜಾರಿಗೆ ಬಂದಿತು. ಅದು ಅಳವಡಿಸಿಕೊಂಡ ಏಕ ವರ್ಗಾವಣೀಯ ಮತಪದ್ಧತಿಯ ಮೂಲತತ್ತ್ವವು ಕರ್ನಾಟಕದ ಶಾಸಕರು ರಾಜ್ಯಸಭೆಯ ಸದಸ್ಯರನ್ನು ಆರಿಸುವಾಗ ಬಳಸುವ ಪ್ರಾಶಸ್ತ್ಯ ಮತದ ತತ್ತ್ವವೇ ಆಗಿದೆ. ಸ್ಕಾಟ್ಲೆಂಡಿನಲ್ಲಿ ಅದನ್ನು ಸಾಮಾನ್ಯ ಮತದಾರರು ನೇರವಾಗಿ ಬಳಸುತ್ತಾರೆ. ಗ್ಲಾಸ್ಗೋದಲ್ಲಿ ಮೂವರು ಅಥವಾ ನಾಲ್ವರು ಸದಸ್ಯರನ್ನು ಕಳುಹಿಸುವ ದೊಡ್ಡ ವಾರ್ಡಿನಲ್ಲಿ ಮತದಾರನು ಅಭ್ಯರ್ಥಿಗಳ ಮುಂದೆ 1, 2, 3 ಎಂದು ತನ್ನ ಆದ್ಯತೆಯನ್ನು ಬರೆಯುತ್ತಾನೆ. ಸಿಂಧುವಾದ ಮತಗಳ ಸಂಖ್ಯೆಯನ್ನು ಸ್ಥಾನಗಳಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ, ಬಂದ ಪೂರ್ಣಾಂಕಕ್ಕೆ ಒಂದನ್ನು ಕೂಡಿಸಿದರೆ ಗೆಲುವಿಗೆ ಬೇಕಾದ ಕೋಟಾ ದೊರೆಯುತ್ತದೆ. ನಾಲ್ಕು ಸ್ಥಾನಗಳ ವಾರ್ಡಿನಲ್ಲಿ 10,000 ಮತಗಳು ಚಲಾವಣೆಯಾದರೆ ಕೋಟಾ 2,001. ಕೋಟಾ ಮೀರಿ ಬಂದ ಹೆಚ್ಚುವರಿ ಮತಗಳು ಕಡಿಮೆ ಮೌಲ್ಯದಲ್ಲಿ ಮುಂದಿನ ಆದ್ಯತೆಯವರಿಗೆ ಸಲ್ಲುತ್ತವೆ, ಕಡೆಯವನನ್ನು ಕಣದಿಂದ ಕೈಬಿಟ್ಟಾಗ ಅವನ ಮತಗಳೂ ಮುಂದಿನ ಆದ್ಯತೆಯವರಿಗೆ ವರ್ಗವಾಗುತ್ತವೆ. ಒಂದೇ ಪಕ್ಷದ ಅಭ್ಯರ್ಥಿಗಳಲ್ಲಿ ಮತಪತ್ರದ ಮೇಲ್ಭಾಗದಲ್ಲಿ ಹೆಸರಿರುವವರಿಗೆ ಮೊದಲ ಆದ್ಯತೆಗಳು ಹೆಚ್ಚಾಗಿ ಬೀಳುವ ದೋಷ ಇದರಲ್ಲೂ ಕಂಡುಬಂದಿದೆಯಾದರೂ, ಪಕ್ಷಗಳ ಬಲಾಬಲವನ್ನು ಸಭೆಯಲ್ಲಿ ಪ್ರತಿಫಲಿಸುವ ವಿಷಯದಲ್ಲಿ ಹಳೆಯ ವಿಧಾನಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

2007ರಲ್ಲಿ ಈ ಪದ್ಧತಿಯ ಮೊದಲ ಚುನಾವಣೆ ನಡೆದಾಗ ಗ್ಲಾಸ್ಗೋದಲ್ಲಿ ಲೇಬರ್ 45, ಎಸ್‌ಎನ್‌ಪಿ 22, ಲಿಬರಲ್ ಡೆಮಾಕ್ರಾಟ್ ಮತ್ತು ಗ್ರೀನ್ ಪಕ್ಷಗಳು ತಲಾ 5 ಸ್ಥಾನಗಳನ್ನು ಪಡೆದವು. 2003ರಲ್ಲಿ ಸ್ಕಾಟ್ಲೆಂಡಿನಾದ್ಯಂತ 61 ಸ್ಥಾನಗಳಿಗೆ ಅವಿರೋಧ ಆಯ್ಕೆ ನಡೆದಿತ್ತು, ಈ ಬಾರಿ ಅಂಥ ಒಂದು ಸ್ಥಾನವೂ ಇರಲಿಲ್ಲ. 2012ರಲ್ಲಿ 44 ಸ್ಥಾನಗಳೊಂದಿಗೆ ಬಹುಮತ ಉಳಿಸಿಕೊಂಡ ಲೇಬರ್, 16 ತುಂಬಿದವರಿಗೂ ಮತದ ಹಕ್ಕು ದೊರೆತ ಮೇಲೆ ನಡೆದ 2017ರ ಚುನಾವಣೆಯಲ್ಲಿ 1980ರಿಂದ ತನ್ನದಾಗಿದ್ದ ಅಧಿಕಾರವನ್ನು ಕಳೆದುಕೊಂಡಿತು. ಒಟ್ಟು 85 ಸ್ಥಾನಗಳಲ್ಲಿ ಎಸ್‌ಎನ್‌ಪಿ 39, ಲೇಬರ್ 31, ಕನ್ಸರ್ವೇಟಿವ್ 8, ಗ್ರೀನ್ 7 ಸ್ಥಾನಗಳನ್ನು ಗಳಿಸಿದವು. 2022ರಲ್ಲಿ ಈ ಸಂಖ್ಯೆಗಳು ಕ್ರಮವಾಗಿ 37, 36, 2 ಮತ್ತು 10 ಆದವು. ಎರಡು ಸಲವೂ ಎಸ್‌ಎನ್‌ಪಿ ಬಹುಮತವಿಲ್ಲದೆ, ಇತರರ ಒಪ್ಪಿಗೆಯನ್ನು ಪಡೆಯುತ್ತ ಆಳಬೇಕಾಯಿತು.

ಮತಹಕ್ಕು ಹಿಗ್ಗಿ, ಎಣಿಕೆ ನ್ಯಾಯಸಮ್ಮತವಾದ ಈ ಕಾಲದಲ್ಲಿ ಕೌನ್ಸಿಲ್ಲಿನ ಅಧಿಕಾರ ಮಾತ್ರ ಹಲವು ಕಡೆ ಕುಗ್ಗಿದೆ. ಕ್ಯಾಟ್ರಿನ್ ಸರೋವರದ ನೀರು ಈಗ ಸ್ಕಾಟ್ಲೆಂಡ್ ಸರ್ಕಾರದ ಸಂಸ್ಥೆಯ ಕೈಯಲ್ಲಿದೆ, ಸುಮಾರು 80,000 ಕೌನ್ಸಿಲ್ ಮನೆಗಳು ಬಾಡಿಗೆದಾರರ ಮತದಾನದ ಅನಂತರ 2003ರಲ್ಲಿ ಪ್ರತ್ಯೇಕ ವಸತಿ ಸಂಘಕ್ಕೆ ವರ್ಗವಾದವು. ಹೀಗಿದ್ದರೂ ಫಲಿತಾಂಶಗಳ ಬೆಲೆ ಕಡಿಮೆಯಾಗಿಲ್ಲ. ಕೌನ್ಸಿಲ್ಲಿನ ಮಹಿಳಾ ಉದ್ಯೋಗಿಗಳು ಸಮಾನ ವೇತನಕ್ಕಾಗಿ ಹತ್ತು ವರ್ಷಗಳಿಗೂ ಮೀರಿ ನಡೆಸಿದ ಹೋರಾಟವು 2018ರ ಎರಡು ದಿನಗಳ ಮುಷ್ಕರದಲ್ಲಿ ತುದಿ ಮುಟ್ಟಿ, ಆಡಳಿತ ಬದಲಾದ ಮೇಲೆ, 2019ರಲ್ಲಿ, 54.8 ಕೋಟಿ ಪೌಂಡುಗಳ ಒಪ್ಪಂದದಲ್ಲಿ ಫಲ ಕಂಡಿತು. ಪೌರಸಂಸ್ಥೆಯ ಚುನಾವಣೆಗಳನ್ನು ರಾಷ್ಟ್ರರಾಜಕೀಯದ ನೆರಳೆಂದು ಕಡೆಗಣಿಸುವುದು ಎಲ್ಲ ದೇಶಗಳಲ್ಲೂ ರೂಢಿಯಾಗಿದೆ. ಗ್ಲಾಸ್ಗೋದ ಇತಿಹಾಸವನ್ನು ಬಲ್ಲವರು ಆ ರೂಢಿಯನ್ನು ಒಪ್ಪಲಾರರು, ಏಕೆಂದರೆ ನೀರು, ಮನೆ, ಕೂಲಿ ಎಂಬ ಬದುಕಿನ ಮೂಲ ಪ್ರಶ್ನೆಗಳು ಅಲ್ಲಿ ಇತ್ಯರ್ಥಕ್ಕೆ ಬಂದದ್ದು ಬಹುಮಟ್ಟಿಗೆ ವಾರ್ಡುಗಳ ಮತಪೆಟ್ಟಿಗೆಗಳಿಂದಲೇ.